ಅಥೆನ್ಸಿನ ಗೂಬೆ ನಾಣ್ಯ: ಗುರುತು ಹಿಡಿಯುವುದು, ಅಸಲಿಯೇ ಎಂದು ಪರೀಕ್ಷಿಸುವುದು, ಬೆಲೆ ಕಟ್ಟುವುದು

ಪ್ರಾಚೀನ ಗ್ರೀಸಿನ ಬೆಳ್ಳಿ ನಾಣ್ಯ ಎಂದು ಯಾರಾದರೂ ಏನನ್ನಾದರೂ ತೋರಿಸಿದರೆ ಅದು ಬಹುಮಟ್ಟಿಗೆ ಅಥೆನ್ಸಿನ ಟೆಟ್ರಾಡ್ರಾಕ್ಮ್ ಆಗಿರುತ್ತದೆ. ಇದು ನಾಲ್ಕು ಡ್ರಾಕ್ಮಾ ಮೌಲ್ಯದ ದಪ್ಪ ಬಿಲ್ಲೆ. ಒಂದು ಮುಖದಲ್ಲಿ ಶಿರಸ್ತ್ರಾಣ ತೊಟ್ಟ ಅಥೀನಾ ದೇವಿ, ಇನ್ನೊಂದರಲ್ಲಿ ಅವಳ ಗೂಬೆ. ಅಥೆನ್ಸಿನ ದಕ್ಷಿಣಕ್ಕಿರುವ ಲಾರಿಯಾನ್ ಗಣಿಗಳ ಬೆಳ್ಳಿಯಿಂದ ಕ್ರಿ.ಪೂ. ಐದನೆಯ ಶತಮಾನದಲ್ಲಿ ಇದನ್ನು ಭಾರಿ ಪ್ರಮಾಣದಲ್ಲಿ ಟಂಕಿಸಿದರು. ಈಜಿಪ್ಟಿನಿಂದ ಇಂದಿನ ಅಫ್ಘಾನಿಸ್ತಾನದ ಕಡೆಯ ಬ್ಯಾಕ್ಟ್ರಿಯಾದವರೆಗೆ ಇದು ಚಲಾವಣೆಯಲ್ಲಿತ್ತು. ಇಷ್ಟು ಹೆಸರಾಂತ ನಾಣ್ಯವಾದ್ದರಿಂದಲೇ ಇದರಷ್ಟು ನಕಲಿಗೆ ಒಳಗಾದ ಗ್ರೀಕ್ ನಾಣ್ಯ ಇನ್ನೊಂದು ಸಿಗುವುದು ಕಷ್ಟ.

ಹೊಸಬರು ಮೊದಲು ಅಥೀನಾಳ ಮುಖ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಈ ಕ್ರಮವೇ ತಪ್ಪು. ಮುಖವನ್ನು ನಕಲು ಮಾಡುವವರು ಎರಡು ಶತಮಾನಗಳಿಂದ ಕೈ ಪಳಗಿಸಿಕೊಂಡಿದ್ದಾರೆ. ತೂಕವನ್ನೂ ಅಂಚನ್ನೂ ಸರಿಯಾಗಿ ನಕಲು ಮಾಡುವುದು ಅದಕ್ಕಿಂತ ಬಹಳ ಕಷ್ಟ. ಆದ್ದರಿಂದ ಪರೀಕ್ಷೆ ಅಲ್ಲಿಂದ ಶುರುವಾಗಬೇಕು, ಬೆಲೆಯ ಮಾತು ಕೊನೆಗೆ ಬರಬೇಕು.

ಬೇಕಾದ ಸಲಕರಣೆ

0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಪ್ಲಾಸ್ಟಿಕ್ ಕ್ಯಾಲಿಪರ್, ಬಾಗಿಸಬಹುದಾದ ಎಲ್‌ಇಡಿ ದೀಪ, ಒಂದು ಸಣ್ಣ ಗಾಜಿನ ಲೋಟ, ಡಿಸ್ಟಿಲ್ಡ್ ವಾಟರ್, ತೆಳುವಾದ ನೈಲಾನ್ ದಾರ. ಇವಿಷ್ಟು ಸಾಕು. ಲೋಹದ ಕ್ಯಾಲಿಪರ್ ಬೇಡ, ಅದರ ಹಲ್ಲು ಬೆಳ್ಳಿಗೆ ಗೀರು ಹಾಕುತ್ತದೆ.

ಮೇಜಿನ ಮೇಲೆ ಮಡಿಸಿದ ಮೆತ್ತನೆಯ ಬಟ್ಟೆ ಹಾಸಿ, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಕಲ್ಲಿನ ಮೇಲೆ ಬೀಳಿಸಿ ನಾದ ಕೇಳುವ ಹಳೆಯ ಪರೀಕ್ಷೆಯನ್ನು ಇದರ ಮೇಲೆ ಎಂದೂ ಮಾಡಬೇಡಿ. ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದ ಬೆಳ್ಳಿಯ ಕಣಗಳ ನಡುವೆ ಸವೆತ ಇಳಿದಿರುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ನಾಣ್ಯ ಒಂದು ಅಡಿ ಎತ್ತರದಿಂದ ಬಿದ್ದರೂ ಎರಡು ಹೋಳಾಗಬಹುದು. ಅಸಲಿಯಾಗಿದ್ದರೂ ಒಳಗೆ ಬಿರುಕಿದ್ದರೆ ನಾದ ಮಂಕಾಗಿಯೇ ಬರುತ್ತದೆ, ಹಾಗಾಗಿ ಆ ಪರೀಕ್ಷೆಯಿಂದ ತಿಳಿಯುವುದೂ ಏನಿಲ್ಲ.

ಮೊದಲನೆಯ ಹೆಜ್ಜೆ: ಯಾವ ಕಾಲದ ಗೂಬೆ?

ಗೂಬೆ ನಾಣ್ಯ ಸುಮಾರು ಕ್ರಿ.ಪೂ. 510ರ ಆಸುಪಾಸಿನಿಂದ ಕ್ರಿ.ಪೂ. ಮೊದಲನೆಯ ಶತಮಾನದವರೆಗೆ, ನಡುನಡುವೆ ನಿಂತು, ಬಂದಿದೆ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣುವುದು ಕ್ರಿ.ಪೂ. 454ರಿಂದ 404ರ ನಡುವಿನದು. ಅಥೆನ್ಸಿನ ಮುಂದಾಳತ್ವದ ಗ್ರೀಕ್ ನಗರಗಳ ಕೂಟವಾದ ಡೆಲಿಯನ್ ಒಕ್ಕೂಟದ ಖಜಾನೆ ಅಥೆನ್ಸಿಗೆ ಬಂದಾಗಿನಿಂದ ಸ್ಪಾರ್ಟಾದ ವಿರುದ್ಧದ ಪೆಲೊಪೊನೀಸಿಯನ್ ಯುದ್ಧದಲ್ಲಿ ನಗರ ಸೋಲುವವರೆಗಿನ ಕಾಲ ಅದು. ಇದನ್ನು ಹೀಗೆ ಗುರುತು ಹಿಡಿಯಬಹುದು.

ಮುಮ್ಮುಖದಲ್ಲಿ ಅಥೀನಾ ಬಲಕ್ಕೆ ನೋಡುತ್ತಾಳೆ. ಶಿರಸ್ತ್ರಾಣದ ಮುಂಭಾಗದಲ್ಲಿ ನೆಟ್ಟಗೆ ನಿಂತ ಮೂರು ಆಲಿವ್ ಎಲೆ, ಹಿಂಬದಿಯಲ್ಲಿ ಸುರುಳಿಬಳ್ಳಿ, ಮೇಲೆ ಕುದುರೆ ಕೂದಲಿನ ತುರಾಯಿ. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ಎದುರಿನಿಂದ ನೋಡಿದಂತೆ, ಬಾದಾಮಿಯ ಆಕಾರದಲ್ಲಿ ಪೂರ್ತಿ ಕಾಣುತ್ತದೆ. ತುಟಿಯಲ್ಲಿ ಹಳೆಯ ಶಿಲ್ಪಗಳ ಕಿರುನಗೆ.

ಹಿಮ್ಮುಖದಲ್ಲಿ ತಗ್ಗಾದ ಚೌಕದೊಳಗೆ ಗೂಬೆ. ದೇಹ ಬಲಕ್ಕೆ, ತಲೆ ನಮ್ಮ ಕಡೆಗೆ. ಎಡ ಮೂಲೆಯಲ್ಲಿ ಎರಡು ಎಲೆ, ಒಂದು ಕಾಯಿಯ ಆಲಿವ್ ಚಿಗುರು, ಅದರ ಬಳಿ ಬಾಲಚಂದ್ರ. ಬಲಗಡೆ ಆಲ್ಫಾ, ಥೀಟಾ, ಎಪ್ಸಿಲಾನ್ ಎಂಬ ಮೂರು ಗ್ರೀಕ್ ಅಕ್ಷರಗಳು. ಅಥೆನ್ಸಿನಲ್ಲಿ ಕ್ರಿ.ಪೂ. 403ರಲ್ಲಿ ಲಿಪಿ ಬದಲಾಗಿ ದೀರ್ಘ ಸ್ವರಕ್ಕೆ ಬೇರೆ ಅಕ್ಷರ ಬಂತು. ನಾಣ್ಯ ಮಾತ್ರ ಹಳೆಯ ಎಪ್ಸಿಲಾನನ್ನೇ ಉಳಿಸಿಕೊಂಡಿತು. ಪರದೇಶದ ವ್ಯಾಪಾರಿಗಳು ಕಣ್ಣಿಗೆ ಪರಿಚಯವಿದ್ದ ನಾಣ್ಯವನ್ನೇ ನಂಬುತ್ತಿದ್ದರು, ಅದನ್ನು ಬದಲಿಸುವ ಸಾಹಸ ನಗರಕ್ಕೆ ಬೇಕಿರಲಿಲ್ಲ.

ಇದರ ಹಿಂದಿನವನ್ನೂ ಮುಂದಿನವನ್ನೂ ಬೇರ್ಪಡಿಸಲು ಕೆಲವೇ ಗುರುತು ಸಾಕು. ಶಿರಸ್ತ್ರಾಣದಲ್ಲಿ ಆಲಿವ್ ಎಲೆಗಳಿಲ್ಲ, ಗೂಬೆಯ ಹಿಂದೆ ಬಾಲಚಂದ್ರ ಇಲ್ಲ ಎಂದರೆ ಅದು ಪರ್ಷಿಯನ್ ಯುದ್ಧಕ್ಕೆ ಹಿಂದಿನ ಶೈಲಿ. ಅಂಥದ್ದು ವಿರಳ, ಬೆಲೆಯೂ ಹೆಚ್ಚು, ಆದ್ದರಿಂದ ಅನುಮಾನವನ್ನೂ ಹೆಚ್ಚಿಸಿಕೊಳ್ಳಿ. ಎಲೆ, ಚಂದ್ರ ಎರಡೂ ಇದ್ದು ಗೂಬೆಯ ಬಾಲದ ತುದಿಯಲ್ಲಿ ಮೂರು ಪುಟ್ಟ ಗರಿಗಳಿದ್ದರೆ ಕ್ರಿ.ಪೂ. 478ರಿಂದ 454ರ ನಡುವಿನದು. ಬಾಲದ ತುದಿ ಒಂದೇ ಮೊನೆಯಾಗಿದ್ದರೆ 454ರ ನಂತರದ್ದು. ಕಣ್ಣು ಪಕ್ಕದಿಂದ ನೋಡಿದ ಹಾಗೆ ತ್ರಿಕೋನವಾಗಿದ್ದರೆ ನಾಲ್ಕನೆಯ ಶತಮಾನ. ಆ ಶತಮಾನದ ನಡುವಿನಲ್ಲಿ ಹಳೆಯ ನಾಣ್ಯಗಳನ್ನೇ ಬಡಿದು ಮಡಿಸಿ ಮತ್ತೆ ಟಂಕಿಸಿದ್ದರಿಂದ ಬಿಲ್ಲೆ ಉದ್ದುದ್ದವಾಗಿ, ಅಂಚಿನಲ್ಲಿ ಮಡಿಕೆಯ ಗೆರೆಯೊಂದಿಗೆ ಕಾಣುತ್ತದೆ. ಅದನ್ನು ದೋಷವೆಂದು ತಳ್ಳಬೇಡಿ, ಅದೇ ಅದರ ಲಕ್ಷಣ. ಇನ್ನು ಅಗಲವಾದ ತೆಳು ಬಿಲ್ಲೆಯಲ್ಲಿ ಗೂಬೆ ಆಂಫೊರಾ ಎಂಬ ಹಿಡಿಕೆಯ ಕೊಡದ ಮೇಲೆ ನಿಂತು, ಸುತ್ತ ಆಲಿವ್ ಮಾಲೆ, ಅಧಿಕಾರಿಗಳ ಹೆಸರು ಇದ್ದರೆ ಅದು ಕ್ರಿ.ಪೂ. ಎರಡನೆಯ ಶತಮಾನದ ನಡುವಿನಿಂದ ಬಂದ ‘ಹೊಸ ಶೈಲಿ’. ಅದರ ತೂಕ, ಬೆಲೆ, ನಕಲು ಎಲ್ಲವೂ ಬೇರೆ ಲೆಕ್ಕ.

ಇನ್ನೊಂದು ಗುಂಪನ್ನು ಮರೆಯಬಾರದು. ಈಜಿಪ್ಟ್, ಗಾಜಾ, ಬ್ಯಾಬಿಲೋನ್, ಅರೇಬಿಯಾಗಳಲ್ಲಿ ಆ ಕಾಲದಲ್ಲೇ ಇದರ ಅನುಕರಣೆಗಳನ್ನು ಟಂಕಿಸಿದರು. ಬೆಳ್ಳಿ ಒಳ್ಳೆಯದೇ, ಪ್ರಾಚೀನವೂ ಹೌದು, ಅಥೆನ್ಸಿನದಲ್ಲ ಅಷ್ಟೆ. ಅಕ್ಷರಗಳು ಓರೆಕೋರೆಯಾಗಿರುತ್ತವೆ, ಕೂದಲಿನ ಎಳೆ ಒರಟಾಗಿರುತ್ತದೆ, ಗೂಬೆ ಸೊಟ್ಟಗಿರುತ್ತದೆ. ಸಾಮಾನ್ಯ ಅನುಕರಣೆಗೆ ಬೆಲೆ ಕಡಿಮೆ. ಪಶ್ಚಿಮ ಏಷ್ಯಾದ ಅರಮಾಯಿಕ್ ಅಥವಾ ಈಜಿಪ್ಟಿನ ಡೆಮೊಟಿಕ್ ಲಿಪಿಯಲ್ಲಿ ಹೆಸರು ಕೊರೆದದ್ದು ಸಿಕ್ಕರೆ ಅಥೆನ್ಸಿನ ನಾಣ್ಯವನ್ನೂ ಮೀರಿದ ಬೆಲೆ ಬರುತ್ತದೆ.

ಎರಡನೆಯ ಹೆಜ್ಜೆ: ತೂಕ, ಅಳತೆ

ಅಟ್ಟಿಕ್ ಎಂಬ ಅಥೆನ್ಸಿನ ತೂಕದ ಪದ್ಧತಿಯಲ್ಲಿ ಟೆಟ್ರಾಡ್ರಾಕ್ಮ್ ಸುಮಾರು 17.2 ಗ್ರಾಂ. ಒಳ್ಳೆಯ ಸ್ಥಿತಿಯ ನಾಣ್ಯ 16.9ರಿಂದ 17.25ರ ನಡುವೆ ತೂಗುತ್ತದೆ. 16.5ಕ್ಕಿಂತ ಕಡಿಮೆ ಬಂದರೆ ಅದಕ್ಕೆ ಕಣ್ಣಿಗೆ ಕಾಣುವ ಕಾರಣ ಬೇಕು: ಸವೆತ, ಮುಕ್ಕು, ಮಣ್ಣಿನಲ್ಲಿ ತಿಂದುಹೋದ ಮೇಲ್ಮೈ. ಹೊಳೆಯುವ, ಚೂರೂ ಸವೆಯದ ನಾಣ್ಯ 15 ಗ್ರಾಂ ಇದ್ದರೆ ಅಲ್ಲಿಗೇ ನಿಲ್ಲಿಸಿ. 17.5 ದಾಟಿದರೂ ಅನುಮಾನಿಸಿ, ಏಕೆಂದರೆ ಟಂಕಸಾಲೆ ಬೆಳ್ಳಿಯನ್ನು ಪುಕ್ಕಟೆ ಹಂಚುತ್ತಿರಲಿಲ್ಲ.

ವ್ಯಾಸ ಸುಮಾರು 23ರಿಂದ 26 ಮಿ.ಮೀ. ನಮ್ಮ ಹಿತ್ತಾಳೆ ಬಣ್ಣದ 5 ರೂಪಾಯಿ ನಾಣ್ಯ 23 ಮಿ.ಮೀ. ಅಗಲ, 6 ಗ್ರಾಂ ತೂಕ. ಹೆಚ್ಚುಕಡಿಮೆ ಅಷ್ಟೇ ಅಗಲದಲ್ಲಿ ಮೂರು ಪಟ್ಟು ತೂಕ ಕೂರಬೇಕೆಂದರೆ ಬಿಲ್ಲೆ ಎಷ್ಟು ದಪ್ಪ ಇರಬೇಕು ಎಂದು ಅಂದಾಜಿಸಬಹುದು. ಗೂಬೆ ನಾಣ್ಯ ಅಂಗೈಯಲ್ಲಿ ಗುಂಡಾಗಿ, ಭಾರವಾಗಿ ಕೂರುತ್ತದೆ. ಪ್ರವಾಸಿಗರಿಗೆ ಮಾರುವ ನಕಲುಗಳು ಚಪ್ಪಟೆಯಾಗಿ ಹಗುರವಾಗಿರುತ್ತವೆ. ಗ್ರೀಸಿನ 1 ಯೂರೋ ನಾಣ್ಯದ ಮೇಲೂ ಇದೇ ಗೂಬೆಯಿದೆ. ಚಿತ್ರದ ವಿನ್ಯಾಸ ಕಣ್ಣಿಗೆ ಕೂರಲು ಅದು ಅಗ್ಗದ ಪಾಠ.

ಮೂರನೆಯ ಹೆಜ್ಜೆ: ನೀರಿನಲ್ಲಿ ತೂಗುವುದು

ಒಳಗೆ ತಾಮ್ರವಿಟ್ಟು ಮೇಲೆ ಬೆಳ್ಳಿ ತಗಡು ಹೊದಿಸುವ ಮೋಸ ಇಂದಿನದಲ್ಲ. ಪೆಲೊಪೊನೀಸಿಯನ್ ಯುದ್ಧದ ಕೊನೆಯಲ್ಲಿ, ಕ್ರಿ.ಪೂ. 406ರ ಹೊತ್ತಿಗೆ, ಗಣಿ ಕೈತಪ್ಪಿದ್ದ ಅಥೆನ್ಸ್ ತಾನೇ ಬೆಳ್ಳಿ ಲೇಪದ ಕಂಚಿನ ನಾಣ್ಯ ಹೊರಡಿಸಿತ್ತು. ಇಂಥದ್ದನ್ನು ಹಿಡಿಯಲು ಸಾಪೇಕ್ಷ ಸಾಂದ್ರತೆಯ ಪರೀಕ್ಷೆ ಬೇಕು.

ಲೋಟದಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ, ಪಾತ್ರೆ ತೊಳೆಯುವ ದ್ರವ ಒಂದೇ ಒಂದು ಹನಿ ಬೆರೆಸಿ ತಕ್ಕಡಿಯ ಮೇಲಿಡಿ, ಸೊನ್ನೆ ಮಾಡಿ. ನಾಣ್ಯಕ್ಕೆ ದಾರ ಕಟ್ಟಿ ನೀರಿನೊಳಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ತಳವನ್ನೂ ಗೋಡೆಯನ್ನೂ ಮುಟ್ಟಬಾರದು. ಆಗ ತಕ್ಕಡಿ ತೋರಿಸುವ ಅಂಕಿ ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ. ಉದಾಹರಣೆಗೆ 17.15 ಗ್ರಾಂ ನಾಣ್ಯ 1.65 ಗ್ರಾಂ ನೀರು ಸರಿಸಿದರೆ ಸಾಂದ್ರತೆ ಸುಮಾರು 10.4. ಶುದ್ಧ ಬೆಳ್ಳಿಯದು 10.49, ತಾಮ್ರದ್ದು 8.96. ಒಳ್ಳೆಯ ಗೂಬೆ 10.2ರಿಂದ 10.5ರೊಳಗೆ ಬೀಳುತ್ತದೆ. ತಾಮ್ರದ ತಿರುಳಿನದು 9.2ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟೇ ಗಾತ್ರದ ನಾಣ್ಯದಲ್ಲಿ ಅದು 15 ಗ್ರಾಂ ತೂಕವಾಗುತ್ತದೆ.

ತಪ್ಪುವುದು ಎಲ್ಲಿ? ಗೂಬೆಯ ಗರಿಗಳ ನಡುವೆ ಕೂತ ಗಾಳಿಗುಳ್ಳೆಯಲ್ಲಿ. 0.03 ಮಿಲಿಲೀಟರಿನ ಒಂದು ಗುಳ್ಳೆ 10.4ನ್ನು 10.2ಕ್ಕೆ ಇಳಿಸಿಬಿಡುತ್ತದೆ. ಆದ್ದರಿಂದ ಮುಳುಗಿಸಿದ ಮೇಲೆ ದಾರವನ್ನು ಮೆಲ್ಲಗೆ ಅಲುಗಿಸಿ, ಮೂರು ಸಲ ತೂಗಿ ಸರಾಸರಿ ತೆಗೆಯಿರಿ. 0.01 ಗ್ರಾಂ ತಕ್ಕಡಿಯ ತಪ್ಪೇ ಫಲಿತಾಂಶದಲ್ಲಿ 0.06ರಷ್ಟು ಹೊಯ್ದಾಟ ತರುತ್ತದೆ, ಹಾಗಾಗಿ ಎರಡನೆಯ ದಶಮಾಂಶಕ್ಕೆ ಅರ್ಥ ಹಚ್ಚಬೇಡಿ. ಮೇಲ್ಮೈಯಲ್ಲಿ ಆಳವಾದ ಬಿರುಕಿದ್ದು ಅಲುಗುವಂತಿರುವ ನಾಣ್ಯವನ್ನು ನೀರಿಗೆ ಇಳಿಸಲೇಬೇಡಿ.

ಈ ಪರೀಕ್ಷೆಗೆ ಒಂದು ಮಿತಿಯಿದೆ: ಇದರಲ್ಲಿ ಸೋತದ್ದು ಗಟ್ಟಿ ಬೆಳ್ಳಿಯದಲ್ಲ ಎನ್ನಬಹುದು, ಗೆದ್ದದ್ದು ಅಸಲಿ ಎನ್ನುವಂತಿಲ್ಲ. ಇಂದಿನ ಚತುರ ಖೋಟಾಗಾರರು ಒಳ್ಳೆಯ ಬೆಳ್ಳಿಯನ್ನೇ, ಸರಿಯಾದ ತೂಕಕ್ಕೇ ಬಳಸುತ್ತಾರೆ.

ನಾಲ್ಕನೆಯ ಹೆಜ್ಜೆ: ಅಂಚು

ಹೆಚ್ಚಿನ ನಕಲುಗಳು ಸಿಕ್ಕಿಬೀಳುವುದು ಇಲ್ಲಿ, ಹಾಗಾಗಿ ಹೆಚ್ಚು ಹೊತ್ತು ಕೊಡಬೇಕಾದದ್ದೂ ಇಲ್ಲಿಗೇ. ದೀಪವನ್ನು ಪಕ್ಕದಿಂದ ತಗ್ಗಿಸಿ ಹಿಡಿದು, ನಾಣ್ಯವನ್ನು ಒಂದು ಸುತ್ತು ಪೂರ್ತಿ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿ.

ಅಸಲಿ ಬಿಲ್ಲೆಯನ್ನು ಕಾಯಿಸಿ ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಸುತ್ತ ಹಿಡಿದಿಡುವ ಉಂಗುರ ಇರಲಿಲ್ಲ. ಬೆಳ್ಳಿ ಹೊರಕ್ಕೆ ಹರಿದು ಅಂಚು ದುಂಡಗೆ, ಕೆಲವು ಕಡೆ ಚಪ್ಪಟೆಯಾಗಿ, ಒಂದೆರಡು ಕಡೆ ಸೀಳಿಕೊಂಡಿರುತ್ತದೆ. ಆ ಸೀಳು ಅಂಚಿನಿಂದ ಒಳಗೆ ಓಡುತ್ತದೆ, ಅದರ ಗೋಡೆ ಒರಟು, ತಳ ಚೂಪು, ಒಳಗೆ ಶತಮಾನಗಳ ಕಪ್ಪು ಕೂತಿರುತ್ತದೆ.

ಎರಕದ ನಕಲಿನಲ್ಲೂ ಸೀಳು ಕಾಣುತ್ತದೆ, ಏಕೆಂದರೆ ಅಚ್ಚು ತೆಗೆದದ್ದು ಅಸಲಿ ನಾಣ್ಯದಿಂದ. ಆದರೆ ಕರಗಿದ ಲೋಹ ಸೀಳಿನ ಆಳಕ್ಕೆ ಇಳಿಯುವುದಿಲ್ಲ. ತಳ ದುಂಡಗೆ, ಆಳವಿಲ್ಲದೆ, ಬೆರಳಿನಿಂದ ಒತ್ತಿದ ಹಳ್ಳದಂತೆ ಉಳಿಯುತ್ತದೆ. ಅಂಚಿನ ಸುತ್ತ ಸಣ್ಣ ಗೆರೆಯೊಂದು ಓಡಿದ್ದರೆ ಅದು ಎರಡು ಅರ್ಧ ಅಚ್ಚುಗಳ ಸೇರುವೆ. ಗೆರೆ ಇಲ್ಲದೆ ಅರದ ಗೀರುಗಳಿದ್ದರೆ ಸೇರುವೆಯನ್ನು ಉಜ್ಜಿ ಅಳಿಸಿದ್ದಾರೆ ಎಂದರ್ಥ. ಒಂದೇ ಒಂದು ಜಾಗದಲ್ಲಿ ಅರ ಹಾಕಿದ ಗುರುತು ಇದ್ದರೆ ‘ನಕಲು’ ಎಂದು ಒತ್ತಿದ ಮುದ್ರೆಯನ್ನು ತೆಗೆದಿರಬಹುದು. ಸ್ಮರಣಿಕೆಯಾಗಿ ಮಾರುವ ನಾಣ್ಯಗಳಿಗೆ ಅಂಥ ಮುದ್ರೆ ಇರುತ್ತದೆ.

ಐದನೆಯ ಹೆಜ್ಜೆ: ಮೇಲ್ಮೈ ಮತ್ತು ಉಳಿಯ ಏಟು

ಎರಕದ ನಾಣ್ಯದ ಬಯಲು ಭಾಗದಲ್ಲಿ ಸೂಜಿಮೊನೆಯ ತೂತುಗಳು, ಅಕ್ಷರದ ಮೂಲೆಗಳಲ್ಲಿ ಸಣ್ಣ ಗುಂಡುಗಳು ಕಾಣುತ್ತವೆ. ಅಕ್ಷರ ಬಯಲಿನಿಂದ ಏಳುವ ಜಾಗ ಸೋಪಿನಂತೆ ನುಣುಪಾಗಿ ಕರಗಿರುತ್ತದೆ. ಟಂಕಿಸಿದ್ದರಲ್ಲಿ ಆ ಜಾಗ ಚೂಪಾಗಿರುತ್ತದೆ, ಬಯಲಿನಲ್ಲಿ ನಡುವಿನಿಂದ ಅಂಚಿನ ಕಡೆಗೆ ಲೋಹ ಹರಿದ ನವಿರಾದ ಗೆರೆಗಳು ಕಾಣುತ್ತವೆ. ಮಣ್ಣಿನಲ್ಲಿ ತಿಂದುಹೋದ ಅಸಲಿ ನಾಣ್ಯದಲ್ಲೂ ತೂತುಗಳಿರುತ್ತವೆ. ಅವು ಮೂಲೆಮೂಲೆಯಾಗಿ, ಗುಂಪುಗುಂಪಾಗಿ ಒಳಕ್ಕೆ ಕೊರೆದಿರುತ್ತವೆ. ಎರಕದ ಗುಳ್ಳೆಗಳು ದುಂಡಗಿರುತ್ತವೆ. ಈ ಒಂದು ವ್ಯತ್ಯಾಸ ಕಲಿಯಲು ಹತ್ತಾರು ಅಸಲಿ ನಾಣ್ಯ ನೋಡಬೇಕು, ಅಡ್ಡದಾರಿ ಇಲ್ಲ.

ಬಣ್ಣವನ್ನು ನಂಬಬೇಡಿ. ಹತ್ತೊಂಬತ್ತನೆಯ ಶತಮಾನದ ಪ್ರಸಿದ್ಧ ಜರ್ಮನ್ ಖೋಟಾಗಾರ ಕಾರ್ಲ್ ವಿಲ್ಹೆಲ್ಮ್ ಬೆಕರ್ ಹೊಸ ನಾಣ್ಯಗಳನ್ನು ಕಬ್ಬಿಣದ ಪುಡಿ, ಜಿಡ್ಡು ತುಂಬಿದ ಪೆಟ್ಟಿಗೆಯಲ್ಲಿಟ್ಟು ಕುದುರೆಗಾಡಿಗೆ ಕಟ್ಟಿ ಓಡಾಡಿಸಿ ಹಳತು ಮಾಡುತ್ತಿದ್ದ ಎನ್ನುತ್ತಾರೆ. ಇಂದು ಗಂಧಕದ ದ್ರಾವಣದಲ್ಲಿ ಅದ್ದಿದರೆ ನಿಮಿಷಗಳಲ್ಲಿ ಕಪ್ಪು ಬರುತ್ತದೆ.

ಹಲವು ಗೂಬೆಗಳ ಮೇಲೆ ಉಳಿಯಿಂದ ಹೊಡೆದ ಆಳವಾದ ಕಚ್ಚು ಇರುತ್ತದೆ. ಒಳಗೂ ಬೆಳ್ಳಿಯೇ ಇದೆಯೇ ಎಂದು ಅಂದಿನ ಚಿನಿವಾರರು ನೋಡಿದ ಗುರುತು ಅದು. ಅಥೆನ್ಸಿನಲ್ಲಿ ಇದಕ್ಕೊಂದು ಕಾನೂನೇ ಇತ್ತು. 1970ರಲ್ಲಿ ಅಲ್ಲಿನ ಅಗೋರಾ ಎಂಬ ಹಳೆಯ ಮಾರುಕಟ್ಟೆ ಚೌಕದಲ್ಲಿ ಸಿಕ್ಕ ಶಿಲಾಶಾಸನ ಕ್ರಿ.ಪೂ. 375–374ರದು. ಸರ್ಕಾರಿ ಪರೀಕ್ಷಕನು ಮಾರುಕಟ್ಟೆಯಲ್ಲಿ ಕೂತು ನಾಣ್ಯ ನೋಡಬೇಕು, ಒಳಗೆ ಕಂಚೋ ಸೀಸವೋ ಇದ್ದರೆ ಅಲ್ಲೇ ಕತ್ತರಿಸಿ ದೇವಮಾತೆಯ ಗುಡಿಗೆ ಒಪ್ಪಿಸಬೇಕು, ಒಳ್ಳೆಯ ನಾಣ್ಯವನ್ನು ಬೇಡವೆಂದ ವ್ಯಾಪಾರಿಯ ಸರಕನ್ನು ಮುಟ್ಟುಗೋಲು ಹಾಕಬೇಕು ಎಂದು ಅದು ವಿಧಿಸುತ್ತದೆ.

ಕಚ್ಚಿನ ಒಳಗೋಡೆ ಹೊರಮೈಯಷ್ಟೇ ಹಳತಾಗಿರಬೇಕು. ಒಳಗೆ ಫಳಫಳ ಹೊಳೆಯುತ್ತಿದ್ದರೆ ಏಟು ಇತ್ತೀಚಿನದು. ಒಳಗೆ ಹಸಿರು ಕಿಲುಬು ಕಂಡರೆ ತಿರುಳು ತಾಮ್ರದ್ದು. ಕಚ್ಚು ಇದೆ ಎಂಬುದೊಂದೇ ಅಸಲಿತನಕ್ಕೆ ಸಾಕ್ಷಿಯಲ್ಲ, ಏಕೆಂದರೆ ನಕಲು ಮಾಡುವವರಿಗೂ ಉಳಿ ಸಿಗುತ್ತದೆ.

ಆರನೆಯ ಹೆಜ್ಜೆ: ಜೋಡಿ ಹುಡುಕುವುದು

ಬ್ರಿಟಿಷ್ ಮ್ಯೂಸಿಯಂ, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ತಮ್ಮ ಗೂಬೆಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿವೆ. ಹರಾಜಿನ ಹಳೆಯ ಚಿತ್ರಗಳಿಗೆ ಕಾಯಿನ್‌ಆರ್ಕೈವ್ಸ್, ಏಸಿಸರ್ಚ್ ಎಂಬ ಜಾಲತಾಣಗಳಿವೆ. ನಿಮ್ಮ ನಾಣ್ಯವನ್ನು ಎರಡು ರೀತಿಯಲ್ಲಿ ಹೋಲಿಸಿ.

ಮೊದಲು ಅಚ್ಚು. ಒಂದೇ ಅಚ್ಚಿನಿಂದ ಸಾವಿರಾರು ನಾಣ್ಯ ಬರುತ್ತಿದ್ದವು, ಆದ್ದರಿಂದ ಇನ್ನೊಂದರ ಮುಖ ನಿಮ್ಮದರ ಮುಖಕ್ಕೆ ಹೊಂದಿದರೆ ಅದು ಒಳ್ಳೆಯ ಸುದ್ದಿ. ಆಮೇಲೆ ಬಿಲ್ಲೆ. ಕೈಯಿಂದ ಹೊಡೆದ ಎರಡು ನಾಣ್ಯಗಳಲ್ಲಿ ಚಿತ್ರ ಕೂತ ಜಾಗ, ಅಂಚಿನ ಆಕಾರ, ಸೀಳು, ಗೀರು ಒಂದೇ ಆಗಿರಲು ಸಾಧ್ಯವೇ ಇಲ್ಲ. ಇವೆಲ್ಲ ಹೊಂದಿದರೆ ಎರಡರಲ್ಲಿ ಒಂದಾದರೂ ನಕಲಿ, ಹೆಚ್ಚಿನ ವೇಳೆ ಎರಡೂ. ಹೊಸ ಉಕ್ಕಿನ ಅಚ್ಚಿನಿಂದ ಯಂತ್ರದಲ್ಲಿ ಒತ್ತಿದ ನಕಲುಗಳು ಎರಕದ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಅವು ಸಿಗುವುದು ಇಲ್ಲಿಯೇ. ಖೋಟಾ ಅಚ್ಚುಗಳ ಚಿತ್ರಗಳನ್ನು ಸಂಗ್ರಹಿಸುವ ಜಾಲತಾಣಗಳಲ್ಲೂ ಹುಡುಕಿ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಎಕ್ಸ್-ಕಿರಣ ಹಾಯಿಸಿ ಯಾವ ಲೋಹ ಎಷ್ಟಿದೆ ಎಂದು ತೋರಿಸುವ ಎಕ್ಸ್‌ಆರ್‌ಎಫ್ ಯಂತ್ರ. ಬೆಂಗಳೂರಿನಂಥ ಊರುಗಳ ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಇದು ಇರುತ್ತದೆ, ನಾಣ್ಯಕ್ಕೆ ಹಾನಿಯಿಲ್ಲ. ಗೀರಬೇಡಿ, ಒರೆಗಲ್ಲಿಗೆ ಉಜ್ಜಬೇಡಿ, ಮುದ್ರೆ ಹಾಕಬೇಡಿ ಎಂದು ಮೊದಲೇ ಹೇಳಿ, ಎದುರಿಗೇ ನಿಂತು ಮಾಡಿಸಿ. ಪ್ರಾಚೀನ ಬೆಳ್ಳಿಯಲ್ಲಿ ತಾಮ್ರ, ಸೀಸ, ಅತ್ಯಲ್ಪ ಚಿನ್ನದ ಅಂಶ ಉಳಿದಿರುತ್ತದೆ. 99.9ರಷ್ಟು ಶುದ್ಧ, ಬೇರೇನೂ ಇಲ್ಲ ಎಂದು ಬಂದರೆ ಅದು ಇಂದಿನ ಸಂಸ್ಕರಿಸಿದ ಬೆಳ್ಳಿ. 92.5 ಬೆಳ್ಳಿ, ಉಳಿದದ್ದೆಲ್ಲ ತಾಮ್ರ ಎಂದರೆ ಆಭರಣದ ಬೆಳ್ಳಿ. ಯಂತ್ರ ಓದುವುದು ಮೇಲ್ಪದರವನ್ನು ಮಾತ್ರ ಎಂಬುದು ನೆನಪಿರಲಿ. ಲೇಪದ ನಾಣ್ಯ ಇಲ್ಲಿ ಸುಲಭವಾಗಿ ಪಾಸಾಗುತ್ತದೆ, ಅದಕ್ಕೇ ನೀರಿನ ಪರೀಕ್ಷೆ ಮೊದಲು.

ಏಳನೆಯ ಹೆಜ್ಜೆ: ಬೆಲೆ

17 ಗ್ರಾಂ ಬೆಳ್ಳಿಯ ಬೆಲೆಗೂ ಈ ನಾಣ್ಯದ ಬೆಲೆಗೂ ಸಂಬಂಧವಿಲ್ಲ. ‘2,400 ವರ್ಷ ಹಳೆಯದು’ ಎಂಬುದಕ್ಕೂ ಅಷ್ಟೇ. ಕ್ರಿ.ಪೂ. 454–404ರ ಗೂಬೆ ವಿರಳವಲ್ಲ. ಸವೆದ, ಕಚ್ಚು ಬಿದ್ದ ನಾಣ್ಯ ಕೆಲವು ನೂರು ಡಾಲರಿಗೂ, ಬಹಳ ಚೆನ್ನಾದದ್ದು ಹಲವು ಸಾವಿರ ಡಾಲರಿಗೂ ಹೋಗುತ್ತದೆ. ನಡುವಿನ ಅಂತರವನ್ನು ತೀರ್ಮಾನಿಸುವುದು ಇವು.

ತುರಾಯಿ. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದುದರಿಂದ ಹೆಚ್ಚಿನ ನಾಣ್ಯಗಳಲ್ಲಿ ತುರಾಯಿ ಅಂಚಿನಾಚೆ ಹೋಗಿರುತ್ತದೆ. ತುರಾಯಿ ಪೂರ್ತಿ ಕಾಣುವ ನಾಣ್ಯಕ್ಕೆ ಕೊಳ್ಳುವವರು ಮುಗಿಬೀಳುತ್ತಾರೆ. ಅದರ ಜೊತೆಗೆ ಅಥೀನಾಳ ಮೂಗು ಚಪ್ಪಟೆಯಾಗದೆ ಇರಬೇಕು, ಮೂರು ಅಕ್ಷರವೂ ಬಾಲಚಂದ್ರನೂ ಬಿಲ್ಲೆಯೊಳಗೆ ಬರಬೇಕು. ಮುಖದ ಮೇಲೆ ಬಿದ್ದ ಕಚ್ಚು ಬೆಲೆಯನ್ನು ಅರ್ಧಕ್ಕೂ ಇಳಿಸಬಲ್ಲದು. ಅಂಚಿನಲ್ಲಿದ್ದರೆ ಅಷ್ಟು ನಷ್ಟವಿಲ್ಲ. ನಾಣ್ಯಗಳಿಗೆ ದರ್ಜೆ ಹಾಕಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಕೊಡುವ ಎನ್‌ಜಿಸಿ ಸಂಸ್ಥೆ ಟಂಕನಕ್ಕೆ ಐದರಲ್ಲಿ, ಮೇಲ್ಮೈಗೆ ಐದರಲ್ಲಿ ಬೇರೆಬೇರೆ ಅಂಕ ಕೊಡುತ್ತದೆ. ಆ ಪ್ಲಾಸ್ಟಿಕ್ ಡಬ್ಬಿಯ ಮೇಲಿನ ಒಟ್ಟು ದರ್ಜೆಗಿಂತ ಈ ಎರಡು ಅಂಕಗಳನ್ನೇ ಮೊದಲು ಓದಿ. ಮೇಲ್ಮೈಗೆ 2 ಬಂದಿದ್ದರೆ ಉಜ್ಜಿ ತೊಳೆದದ್ದೋ ತಿಂದುಹೋದದ್ದೋ ಎಂದು ತಿಳಿಯಿರಿ.

ಲೆಕ್ಕ ಹೀಗೆ ಮಾಡಿ. ಕಳೆದ ಎರಡು ವರ್ಷದ ಹರಾಜುಗಳಿಂದ ನಿಮ್ಮದರಂತೆಯೇ ಇರುವ ಎಂಟು ಹತ್ತು ನಾಣ್ಯ ಆರಿಸಿ. ಕೇಳಿದ ಬೆಲೆ ಬೇಡ, ನಿಜವಾಗಿ ಮಾರಾಟವಾದ ಬೆಲೆ ಬೇಕು. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಹಿಡಿಯಿರಿ. ಹರಾಜಿನ ಕೂಗಿನ ಮೇಲೆ ಕೊಳ್ಳುವವರ ಶುಲ್ಕ ಸಾಮಾನ್ಯವಾಗಿ ಶೇ 20ರ ಆಸುಪಾಸು ಸೇರುತ್ತದೆ, ಭಾರತಕ್ಕೆ ತರಿಸಿದರೆ ಸಾಗಣೆ, ಸುಂಕ, ತೆರಿಗೆ ಬೇರೆ. ಮಾರುವವರಿಗೆ ಕೈಗೆ ಬರುವುದು ಕೂಗಿನಿಂದಲೂ ಕಡಿಮೆ. ಕೊಳ್ಳುವ ಬೆಲೆ, ಮಾರುವ ಬೆಲೆ, ವಿಮೆಯ ಬೆಲೆ ಮೂರೂ ಬೇರೆ ಅಂಕಿ ಎಂದು ಬರೆದಿಟ್ಟುಕೊಳ್ಳಿ.

ಹರಾಜಿನ ವಿವರಣೆಯಲ್ಲಿ ‘24 ಮಿ.ಮೀ., 17.18 ಗ್ರಾಂ, 9 ಗಂಟೆ’ ಎಂದಿದ್ದರೆ ಕೊನೆಯದು ಅಚ್ಚಿನ ದಿಕ್ಕು. ಅಥೀನಾಳನ್ನು ನೇರ ಹಿಡಿದು ನಾಣ್ಯವನ್ನು ಪುಟ ತಿರುಗಿಸಿದಂತೆ ಪಕ್ಕಕ್ಕೆ ಮಗುಚಿದಾಗ ಗೂಬೆಯ ತಲೆ ಗಡಿಯಾರದ ಯಾವ ಅಂಕಿಯ ಕಡೆಗಿದೆ ಎಂದರ್ಥ. ಈ ಮೂರೂ ಬರೆಯದ ಮಾರಾಟಗಾರನಿಂದ ಕೊಳ್ಳಬೇಡಿ.

ಮೂಲ ಮತ್ತು ಕಾನೂನು

ಇಂದು ಬೆಲೆಯನ್ನು ಎತ್ತುವ ದೊಡ್ಡ ಸಂಗತಿ ನಾಣ್ಯದ ಹಿಂದಿನ ಒಡೆತನದ ದಾಖಲೆ. 1984ರಲ್ಲಿ ಟರ್ಕಿಯ ಎಲ್ಮಲಿ ಬಳಿ ಸುಮಾರು 1,900 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು, ಅದರಲ್ಲಿ ಅತಿ ವಿರಳವಾದ ಅಥೆನ್ಸಿನ ಹತ್ತು ಡ್ರಾಕ್ಮಾ ನಾಣ್ಯಗಳೂ ಇದ್ದವು. ಕಳ್ಳಸಾಗಣೆಯಾಗಿ ಅಮೆರಿಕ ಸೇರಿದ ಅದರ ಬಹುಪಾಲು ವರ್ಷಗಟ್ಟಲೆ ವ್ಯಾಜ್ಯದ ಬಳಿಕ 1999ರಲ್ಲಿ ಟರ್ಕಿಗೆ ಮರಳಿತು. ಕೊಂಡವರ ಹಣ ಹೋಯಿತು, ನಾಣ್ಯವೂ ಹೋಯಿತು. ಗ್ರೀಸಿನಿಂದ ಅನುಮತಿಯಿಲ್ಲದೆ ಪ್ರಾಚೀನ ನಾಣ್ಯ ಹೊರತರುವುದು ಅಪರಾಧ. ಅಥೆನ್ಸಿನ ಬೀದಿಯಲ್ಲಿ ಯಾರಾದರೂ ‘ಅಸಲಿ’ ಎಂದು ಕೊಡಲು ಬಂದರೆ, ಅದು ನಕಲಿಯಾದರೆ ಹಣ ನಷ್ಟ, ಅಸಲಿಯಾದರೆ ವಿಮಾನ ನಿಲ್ದಾಣದಲ್ಲಿ ಬಂಧನ.

ಭಾರತದಲ್ಲಿ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ 100 ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ. ಬೆಂಗಳೂರಿಗೆ ತರಿಸಿಕೊಂಡ ಗೂಬೆಯನ್ನು ದರ್ಜೆ ಹಾಕಿಸಲೆಂದೋ ಮಾರಲೆಂದೋ ವಿದೇಶಕ್ಕೆ ಅಂಚೆಯಲ್ಲಿ ಕಳಿಸುವ ಮುನ್ನ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯನ್ನು ವಿಚಾರಿಸಲೇಬೇಕು. ದರ್ಜೆ ಹಾಕಿಸುವುದಿದ್ದರೆ ನಾಣ್ಯ ಇಲ್ಲಿಗೆ ಬರುವ ಮೊದಲೇ ಅಲ್ಲಿ ಹಾಕಿಸಿಕೊಳ್ಳುವುದು ಜಾಣತನ.

ಮನೆಗೆ ಬಂದ ನಾಣ್ಯವನ್ನು ಪೂಜೆಯ ಬೆಳ್ಳಿ ಸಾಮಾನಿನಂತೆ ವಿಭೂತಿಯಿಂದಾಗಲಿ ಹುಣಸೆಹಣ್ಣಿನಿಂದಾಗಲಿ ಟೂತ್‌ಪೇಸ್ಟಿನಿಂದಾಗಲಿ ಉಜ್ಜಬೇಡಿ. ಆ ಕಪ್ಪಿಗೂ ಬೆಲೆಯಿದೆ, ಒಮ್ಮೆ ಹೋದರೆ ಮೇಲ್ಮೈಯ ಅಂಕ ಎರಡು ಮೆಟ್ಟಿಲು ಇಳಿಯುತ್ತದೆ. ಮೆದು ಪಿವಿಸಿ ಚೀಲಗಳಲ್ಲಿ ಇಡಬೇಡಿ, ಅದರಿಂದ ಒಸರುವ ಅಂಟು ಬೆಳ್ಳಿಯ ಮೇಲೆ ಹಸಿರು ಪೊರೆ ಕಟ್ಟುತ್ತದೆ. ಆಮ್ಲರಹಿತ ಕಾಗದದ ಲಕೋಟೆ ಸಾಕು, ಮಳೆಗಾಲದಲ್ಲಿ ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಲಕೋಟೆಯ ಜೊತೆಗೆ ತೂಕ, ವ್ಯಾಸ, ಅಚ್ಚಿನ ದಿಕ್ಕು, ನೀರಿನ ಪರೀಕ್ಷೆಯ ಅಂಕಿ, ಕೊಂಡ ರಸೀದಿ, ಎರಡೂ ಮುಖ ಮತ್ತು ಅಂಚಿನ ಫೋಟೊ ಇರಲಿ. ಹಿಂದಿನ ಸಂಗ್ರಹಕಾರನ ಕೈಬರಹದ ಚೀಟಿ ಬಂದಿದ್ದರೆ, ಹರಿದಿದ್ದರೂ ಎಸೆಯಬೇಡಿ. ಅದರಲ್ಲಿ 1970ಕ್ಕಿಂತ (ಪುರಾವಸ್ತುಗಳ ಕಳ್ಳಸಾಗಣೆಯ ವಿರುದ್ಧ ಯುನೆಸ್ಕೊ ಒಪ್ಪಂದವಾದ ವರ್ಷ) ಹಿಂದಿನ ತಾರೀಖು ಇದ್ದರೆ ಆ ಚೀಟಿಯಿಂದಲೇ ನಾಣ್ಯದ ಬೆಲೆ ಏರುತ್ತದೆ.